ಮಸಿ ಗಾಜಿನ ಬೆಳಕಿನಾಟ

ಕಣ್ಣಿಗೆ ಕಾಣಬೇಕಾದ ಆಟವೊಂದನ್ನು ಕಿವಿಗೆ ಹೇಳಹೊರಡುವುದು ಕೊಂಚ ಸಾಹಸವೇ ಸರಿ. ಆದರೂ ಈ ಆಟದ ಸಾಮಾನು ಹೆಚ್ಚುಕಡಮೆ ಎಲ್ಲರ ಮನೆಯಲ್ಲಿಯೂ ಇರುವುದರಿಂದ, ಕೇಳಿದವರು ಸ್ವತಃ ಮಾಡಿ ನೋಡಬಹುದೆಂಬ ಧೈರ್ಯ ನನಗುಂಟು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಸ್ಥಳವೆಂದು ಲಂಬಾಣಿಗಳು ನಡೆದುಕೊಳ್ಳುವ ಕ್ಷೇತ್ರ. ಫೆಬ್ರವರಿಯ ಜಯಂತಿಗೆ ದೂರದೂರದ ತಾಂಡಾಗಳಿಂದ ಅಲ್ಲಿಗೆ ಜನ ಬರುತ್ತಾರೆ. ಹಳೆಯ ಉಡುಪಿನ ಹೆಂಗಸರ ಕಾಂಚಳಿ, ಫೇಟಿಯಾಗಳ ಮೇಲಿನ ಕನ್ನಡಿ ಚೂರುಗಳು ಬಿಸಿಲಿಗೆ ಮಿನುಗುವುದನ್ನು ಎಲ್ಲರೂ ನೋಡುತ್ತಾರೆ. ಅವು ಎದುರಿನ ನೆರಳುಗೋಡೆಯ ಮೇಲೆ ಏನು ಬರೆಯುತ್ತವೆಂದು ನೋಡುವವರು ಕಡಮೆ. ಚೂರು ಚೌಕವಾಗಿರಲಿ, ಮುಕ್ಕಾಗಿರಲಿ, ಸಾಕಷ್ಟು ದೂರದ ಗೋಡೆಯ ಮೇಲೆ ಬೀಳುವ ಬೆಳಕು ಮಾತ್ರ ದುಂಡಗಿರುತ್ತದೆ. ಏಕೆಂದರೆ ಅದು ಕನ್ನಡಿಯ ಆಕಾರವಲ್ಲ, ಸೂರ್ಯನ ಬಿಂಬ. ಹತ್ತು ಮೀಟರು ದೂರದಲ್ಲಿ ಅದರ ಅಡ್ಡಗಲ ಸುಮಾರು 9 ಸೆಂಟಿಮೀಟರು. ಪಾರ್ಶ್ವ ಸೂರ್ಯಗ್ರಹಣದ ದಿನವಾದರೆ ಆ ಬಿಂಬವೂ ಕಚ್ಚಿದ ರೊಟ್ಟಿಯಂತೆ ಕಾಣುತ್ತದೆ. ತೊಟ್ಟವರು ಹೆಜ್ಜೆ ಹಾಕಿದರೆ ಗೋಡೆಯ ತುಂಬ ಪುಟ್ಟ ಸೂರ್ಯರು!

ಇದು ಹಗಲಿನ ಮಾತು. ರಾತ್ರಿಯ ಬೆಳಕಿನಾಟವೆಂದರೆ ನಮ್ಮಲ್ಲಿ ಕಿಳ್ಳೇಕ್ಯಾತರ ತೊಗಲು ಗೊಂಬೆ. ಬಿಳಿಯ ಪರದೆ, ಹಿಂದೆ ದೀಪ, ನಡುವೆ ಹದಮಾಡಿ ಬಣ್ಣವಿಟ್ಟ ತೊಗಲು. ಗೊಂಬೆಯನ್ನು ಪರದೆಗೆ ಒತ್ತಿದರೆ ಅಂಚು ಸ್ಫುಟ. ದೀಪದ ಕಡೆಗೆ ಎಳೆದರೆ ನೆರಳು ದೊಡ್ಡದಾಗಿ ಮಸುಕಾಗುತ್ತದೆ. ಈ ವಿದ್ಯೆ ಮುಗಿದುಹೋಯಿತೆಂದು ಮರುಗುವವರಿದ್ದಾರೆ, ನಾನು ಆ ಗುಂಪಿಗೆ ಸೇರಿದವನಲ್ಲ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಬದುಕನ್ನೂ ತೊಗಲು ಗೊಂಬೆಗೆ ತಂದರು. ಕೊಪ್ಪಳದ ಕಡೆಯ ಭೀಮವ್ವ ಶಿಳ್ಳೇಕ್ಯಾತರರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ 2025ರ ಪದ್ಮಶ್ರೀ ಬಂದಿತು.

ಆದರೆ ಗೊಂಬೆ ಮೊದಲೇ ಸಿದ್ಧವಾದದ್ದು. ಕಲ್ಯಾಣದ ಪಟವರ್ಧನ ಮನೆತನದವರು 1892ರಿಂದ ‘ಶಾಂಭರಿಕ ಖರೋಲಿಕಾ’ ಎಂಬ ಹೆಸರಿನಲ್ಲಿ ತೋರಿಸಿದ ಮಾಯಾದೀಪದ ಗಾಜುಗಳೂ ಹಾಗೆಯೇ ಮೊದಲೇ ಬಣ್ಣ ತುಂಬಿದವು. ಚಿತ್ರ ಬರೆಯುವ ಹೊತ್ತಿನಲ್ಲಿಯೇ ಅದು ಪರದೆಯ ಮೇಲೆ ಮೂಡಬೇಕೆಂದರೆ ಏನು ಮಾಡೋಣ?

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಮುಂದಿನ ಮುಖದಲ್ಲಿ 15 ಸೆಂಟಿಮೀಟರು ಎತ್ತರ, 20 ಸೆಂಟಿಮೀಟರು ಅಗಲದ ಕಿಟಕಿ ಕೊರೆಯಿರಿ; ಕೈ ಆಡಿಸಲು ಒಂದು ಪಕ್ಕ ತೆರೆದಿರಲಿ; ಒಳಗೆ ಕಪ್ಪು ಕಾಗದ ಅಂಟಿಸಿ. ಕಿಟಕಿಯಿಂದ 30 ಸೆಂಟಿಮೀಟರು ಹಿಂದೆ ಒಂದೇ ಎಲ್‌ಇಡಿಯ ಟಾರ್ಚು. ಅದರ ಮುಂಗಾಜನ್ನೂ ಹೊಳೆಯುವ ಬಟ್ಟಲನ್ನೂ ತೆಗೆದುಬಿಡಬೇಕು. ದೀಪದ ಬಾಯಿ ಸಣ್ಣದಾದಷ್ಟೂ ಗೆರೆ ಸ್ಫುಟ. ಟ್ಯೂಬ್‌ಲೈಟಿನಿಂದ ಈ ಕೆಲಸವಾಗದು. ದೀಪದಿಂದ ಮೂರು ಮೀಟರಿಗೆ ಒಂದು ಬಿಳಿಯ ಪಂಚೆ ಕಟ್ಟಿದರೆ ಗಾಜಿನ ಮೇಲಿನದೆಲ್ಲ ಹತ್ತರಷ್ಟಾಗುತ್ತದೆ. ಮಸೂರ ಬೇಡ, ಆದ್ದರಿಂದ ತಲೆಕೆಳಗಾಗುವ ತೊಂದರೆಯೂ ಇಲ್ಲ.

ಇನ್ನು ಗಾಜು. ಕಿಟಕಿಗಿಂತ ತುಸು ದೊಡ್ಡದಾದ ಗಾಜಿನ ಅಂಚಿಗೆ ಪಟ್ಟಿ ಸುತ್ತುವ ಮೊದಲು, ಇಕ್ಕಳದಲ್ಲಿ ಹಿಡಿದು ಹರಳೆಣ್ಣೆಯ ದೀಪದ ಮೇಲೆ ಆಡಿಸುತ್ತ ಮಸಿ ಹಿಡಿಸಬೇಕು. ಕಾಡಿಗೆ ಹಿಡಿದು ಬಲ್ಲ ಅಜ್ಜಿಯರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಒಂದೇ ಕಡೆ ನಿಲ್ಲಿಸಿದರೆ ಗಾಜು ಸೀಳುತ್ತದೆ. ಮಕ್ಕಳ ಕೈಗೆ ಈ ಭಾಗವನ್ನು ಬಿಡಬೇಡಿ. ತಣ್ಣಗಾದ ಮೇಲೆ ಪಟ್ಟಿ ಸುತ್ತಿ, ಮಸಿಯ ಮುಖ ಒಳಕ್ಕಿರುವಂತೆ ಕೂಡಿಸಿ, ಬಿದಿರು ಕಡ್ಡಿಯಿಂದ ಗೀರಿ. ಜಾಲಿಮುಳ್ಳಿನ ಗೆರೆ ತೀರ ಸಣ್ಣದು, ಮಸುಕಿನಲ್ಲಿ ಕಳೆದುಹೋಗುತ್ತದೆ. ಎರಡು ಮಿಲಿಮೀಟರಿನ ಗೆರೆ ಪರದೆಯ ಮೇಲೆ ಎರಡು ಸೆಂಟಿಮೀಟರಾಗುತ್ತದೆ. ಹೊಸ ಮಸಿಯ ಮೇಲೆ ಬರೆಯುವವನ ಕೈ ನೋಡುವವರಿಗೆ ಕಾಣಿಸುವುದಿಲ್ಲ, ಏಕೆಂದರೆ ಕೈಯ ನೆರಳು ಕತ್ತಲೆಯೊಳಗೇ ಅಡಗುತ್ತದೆ. ಕೈ ಸರಿದಂತೆ ಬೆಳಕಿನ ಗೆರೆ ತಾನಾಗಿ ಬೆಳೆದಂತೆ ಕಾಣುತ್ತದೆ. ಬೆರಳ ತುದಿಯಿಂದ ಒಮ್ಮೆ ಒರಸಿದರೆ ಚಂದ್ರ! ಅಕ್ಷರ ಬರೆಯುವುದಾದರೆ, ಪರದೆಯ ಆಚೆ ಕುಳಿತವರಿಗೆ ಅದು ಕನ್ನಡಿಯ ಬರಹವಾಗಿ ಕಾಣುತ್ತದೆ. ಅಚ್ಚಿನ ಮೊಳೆ ಜೋಡಿಸುವವರಂತೆ ತಿರುಗಿಸಿ ಬರೆಯಬೇಕು, ಇಲ್ಲವೆ ಜನರನ್ನು ಈಚೆಗೇ ಕೂರಿಸಬೇಕು.

ಜಾತ್ರೆಗಳಲ್ಲಿ ಈಗ ಎಲ್‌ಇಡಿ ಪರದೆಗಳು ಬಂದಿವೆ. ಬರಲಿ, ದೂರದವರಿಗೂ ಕಾಣುತ್ತದೆ. ಆದರೆ ಸೂರಗೊಂಡನಕೊಪ್ಪದಂಥ ಕಡೆ ಈ ರಟ್ಟಿನ ಪೆಟ್ಟಿಗೆಯಿಂದ ಆಗಬಹುದಾದ ಬೇರೊಂದು ಕೆಲಸವುಂಟು. ಲಂಬಾಣಿ ಮಾತಿಗೆ ಪರಂಪರೆಯಿಂದ ಬಂದ ಸ್ವಂತ ಲಿಪಿಯಿಲ್ಲ. ಹಿಂದಿನವರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ತಿರುಗಿದ ಕಥೆ ಬಹುಮಟ್ಟಿಗೆ ಮುದುಕಿಯರ ಹಾಡಿನಲ್ಲಿದೆ. ಹಾಡಿಗೆ ತಕ್ಕಂತೆ ಚಿತ್ರ ಬರೆಯಲು ಕುಳಿತ ಮೊಮ್ಮಗಳು ಸುಮ್ಮನೆ ಕೇಳಿಕೊಂಡಿರಲಾರಳು. ಚೀಲ ಎತ್ತಿನ ಬೆನ್ನಿನ ಎರಡೂ ಬದಿಗೆ ಹೇಗೆ ತೂಗುತ್ತಿತ್ತು, ಎತ್ತಿನ ಕೊರಳಿಗೆ ಏನು ಕಟ್ಟುತ್ತಿದ್ದರು, ರಾತ್ರಿ ಬೀಡುಬಿಟ್ಟಲ್ಲಿ ಬೆಂಕಿ ಎಲ್ಲಿ ಹಾಕುತ್ತಿದ್ದರು ಎಂದು ಅಜ್ಜಿಯನ್ನು ಕೇಳಲೇಬೇಕು. ತಪ್ಪು ಬರೆದರೆ ಅಜ್ಜಿ ಹಾಡು ನಿಲ್ಲಿಸಿ ತಿದ್ದಿಯಾಳು. ಹಾಡು ಬರೆದಿಟ್ಟ ಪುಸ್ತಕದಿಂದಲೂ ಇಷ್ಟು ಪ್ರಶ್ನೆ ಹುಟ್ಟುವುದು ಅನುಮಾನ.

ಒಂದು ಹಾಡಿಗೆ ನಾಲ್ಕು ಗಾಜು ಸಾಕು. ಮಸಿ ಹಿಡಿಸಿ ಮೊದಲೇ ಆರಿಸಿಟ್ಟುಕೊಂಡು, ನುಡಿ ಮುಗಿದಂತೆ ಬದಲಾಯಿಸುತ್ತ ಹೋಗಬಹುದು. ಆಟ ಮುಗಿದ ಮೇಲೆ ಹಳೆಯ ಬಟ್ಟೆಯಿಂದ ಒರಸಿದರೆ ಗಾಜು ಮರುದಿನಕ್ಕೆ ಸಿದ್ಧ.