ಪಂಕ್ತಿಯಲ್ಲಿ ನಿಂತವರು



ನಮ್ಮ ಭೇರ್ಯದಲ್ಲಿ ಲೈನ್‌ಮನ್ ಎಂದರೆ ಕರೆಂಟಿನ ಕಂಬ ಹತ್ತುವವನೇ ಹೊರತು ಬೇರೊಬ್ಬನಿಲ್ಲ. ದೀಪ ಉರಿಯುತ್ತಿರುವಷ್ಟು ದಿನ ಆತನ ಹೆಸರನ್ನು ಯಾರೂ ಎತ್ತರು, ಪಂಪುಸೆಟ್ಟು ನಿಂತು ಭತ್ತದ ಗದ್ದೆಯ ನೀರು ಇಂಗತೊಡಗಿದ ಗಳಿಗೆಯಿಂದ ಮಾತ್ರ ಊರಿಗೆ ಊರೇ ಆತನನ್ನು ಜಪಿಸತೊಡಗುತ್ತದೆ. ಆದುದರಿಂದ, ಅಮೆರಿಕದ ಒಹಾಯೊ ಸಂಸ್ಥಾನದಲ್ಲಿರುವ ಮಗಳ ಮನೆಗೆ ನಾನು ಹೋಗಿದ್ದಾಗ, ಮೊಮ್ಮಗನು ಒಂದು ಭಾನುವಾರದ ಮಧ್ಯಾಹ್ನ ಟೆಲಿವಿಷನ್ನಿನ ಮುಂದೆ ನನ್ನನ್ನು ಕೂರಿಸಿಕೊಂಡು, ಬೆಟ್ಟದಂತಹ ದೇಹದ ಒಬ್ಬ ಆಟಗಾರನನ್ನು ತೋರಿಸಿ, “ತಾತ, ಇವನು ಲೈನ್‌ಮನ್” ಎಂದಾಗ ನನಗೆ ನಗು ತಡೆಯದಾಯಿತು. ಆಟ ಮುಗಿಯುವ ಹೊತ್ತಿಗೆ ಆ ಹೆಸರು ಅಷ್ಟೇನೂ ಅಸಂಗತವಲ್ಲವೆಂದು ತೋರಿತು. ಅಂಥವರ ವೃತ್ತಿಯ ಪೂರ್ವೋತ್ತರವನ್ನು ನಾನು ಆಮೇಲೆ ಓದಿ ಕೇಳಿ ತಿಳಿದ ಮಟ್ಟಿಗೆ ತಮ್ಮ ಮುಂದಿಡುವುದು ಈ ದಿನದ ನನ್ನ ಉದ್ದೇಶ.

ಅಮೆರಿಕನ್ನರು ಫುಟ್ಬಾಲ್ ಎಂದು ಕರೆಯುವ ಆ ಕ್ರೀಡೆಯಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಪಕ್ಷಕ್ಕೆ ಹನ್ನೊಂದು ಮಂದಿ. ಹಲಸಿನ ಬೀಜದ ಆಕಾರದ ಒಂದು ಚೆಂಡನ್ನು ಹೊತ್ತು ಅಥವಾ ಎಸೆದು ಎದುರಾಳಿಯ ಎಲ್ಲೆಯನ್ನು ಮುಟ್ಟಿಸಬೇಕು. ಎಸೆಯುವವನು ಕ್ವಾರ್ಟರ್‌ಬ್ಯಾಕ್, ಪತ್ರಿಕೆಗಳಲ್ಲಿ ಚಿತ್ರ ಬರುವುದು ಆತನದು. ಆತನ ಮುಂದೆ, ನಡುವೆ ಸೆಂಟರ್ ಎಂಬವನೊಬ್ಬ, ಆತನ ಇಕ್ಕೆಲದಲ್ಲಿ ಇಬ್ಬರು ಗಾರ್ಡುಗಳು, ಅವರಿಂದಾಚೆ ಇಬ್ಬರು ಟ್ಯಾಕಲ್‌ಗಳು, ಹೀಗೆ ಐವರು ಲೈನ್‌ಮನ್‌ಗಳು ಒಂದೇ ಪಂಕ್ತಿಯಲ್ಲಿ ಮೊಣಕಾಲು ಬಗ್ಗಿಸಿ, ಕಲ್ಲಿನ ಕಟ್ಟೆಯೊಂದನ್ನು ಕಟ್ಟಿದ ಹಾಗೆ ನಿಂತಿರುತ್ತಾರೆ. ನುಗ್ಗಿ ಬರುವ ಎದುರಾಳಿಗಳನ್ನು ಮೂರು ಸೆಕೆಂಡುಗಳ ಕಾಲ ತಡೆದರೆ ಅವರ ಕೆಲಸ ಆದಂತೆ. “ಇವರು ಚೆಂಡು ಮುಟ್ಟೋದೇ ಇಲ್ವೇನೋ?” ಎಂದು ಕೇಳಿದೆ. “ನಡುವಿನವನು ಕಾಲ ಸಂದಿಯಿಂದ ಹಿಂದಕ್ಕೆ ಕೊಡ್ತಾನೆ ತಾತ, ಅಷ್ಟೇ. ಮಿಕ್ಕೋರಿಗೆ ಆ ಭಾಗ್ಯ ಇಲ್ಲ.” ಇಷ್ಟರಲ್ಲಿ ಪಂಚಾಯಿತಿದಾರನು ಹಳದಿಯ ಬಟ್ಟೆಯೊಂದನ್ನು ನೆಲಕ್ಕೆಸೆದು, ಅಂಗಿಯ ಮೇಲಿನ ಸಂಖ್ಯೆಯನ್ನು ಹಿಡಿದು ಐವರಲ್ಲೊಬ್ಬನನ್ನು ಕೂಗಿದ. ಇಡೀ ಮಧ್ಯಾಹ್ನದಲ್ಲಿ ಆ ಮನುಷ್ಯನ ವಿಚಾರ ಕ್ರೀಡಾಂಗಣಕ್ಕೆ ಸಾರಿ ಹೇಳಿದ್ದು ಅದೊಂದೇ ಸಲ.

ಆತ ಮಾಡಿದ ತಪ್ಪೇನೆಂದರೆ, ಎದುರಾಳಿಯನ್ನು ಕೈಯಿಂದ ಹಿಡಿದದ್ದು. ಕಬಡ್ಡಿಯಾಡಿ ಬೆಳೆದ ನನಗೆ ಇದು ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ನಮ್ಮಲ್ಲಿ ಏಳು ಮಂದಿ ಕೈ ಕೈ ಹಿಡಿದು ಸರಪಳಿ ಕಟ್ಟಿ, ದಾಳಿಗೆ ಬಂದವನ ಹಿಮ್ಮಡಿಯನ್ನೋ ತೊಡೆಯನ್ನೋ ಹಿಡಿದರೆ ಅದೇ ಕೌಶಲ, ಅದೇ ಅಂಕ. ಅಲ್ಲಿಯ ಪಂಕ್ತಿಯವನಾದರೋ ನೂರಮೂವತ್ತು ಕಿಲೋ ತೂಕದ ಇನ್ನೊಬ್ಬ ಮನುಷ್ಯನನ್ನು ಹಿಡಿಯದೆಯೇ ನಿಲ್ಲಿಸಬೇಕು. ಹಿಡಿದು ಸಿಕ್ಕಿಬಿದ್ದರೆ ಆತನ ಪಕ್ಷವು ಹತ್ತು ಗಜ ಹಿಂದೆ ಸರಿಯಬೇಕು. ಹಿಡಿಯದೆ ತಡೆಯುವ ಈ ವಿದ್ಯೆಗೆ ನಮ್ಮ ಸೀಮೆಯಲ್ಲಿ ಹೋಲಿಕೆಯನ್ನು ಹುಡುಕಿದರೆ, ಮನುಷ್ಯರ ಆಟಗಳಲ್ಲಿ ಅದು ನನಗೆ ಸಿಗಲಿಲ್ಲ, ಸಿಕ್ಕಿದ್ದು ಆನೆಗಳಲ್ಲಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಬಳಕೆಗೆ ತಂದ ಖೆಡ್ಡಾ ಪದ್ಧತಿಯು ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನಲ್ಲಿ 1971ರವರೆಗೂ ನಡೆಯಿತಷ್ಟೆ. ಕಾಡಾನೆಯ ಎರಡು ಮಗ್ಗುಲಿಗೂ ಒಂದೊಂದು ಕುಮ್ಕಿ ಆನೆಯು ಬಂದು, ಸೊಂಡಿಲೆತ್ತದೆ, ದಂತ ತಾಗಿಸದೆ, ಭುಜದ ಭಾರದಿಂದಲೇ ಅದನ್ನು ಒತ್ತಿ ನಿಲ್ಲಿಸಿಕೊಂಡಿರುವಾಗ ಕೆಳಗಿನವರು ಅದರ ಕಾಲಿಗೆ ಹಗ್ಗ ಬಿಗಿಯುತ್ತಿದ್ದರು. ಇಂದಿಗೂ ದಸರೆಯ ಜಂಬೂಸವಾರಿಯಲ್ಲಿ ಅಂಬಾರಿ ಹೊತ್ತ ಆನೆಯ ಇಕ್ಕೆಲದಲ್ಲಿ ಹೆಜ್ಜೆ ಹಾಕುವ ಹೆಣ್ಣಾನೆಗಳನ್ನು ಕುಮ್ಕಿಗಳೆಂದೇ ಕರೆಯುತ್ತಾರೆ. ನೆರೆದ ಜನಸ್ತೋಮದಲ್ಲಿ ಅವುಗಳ ಕಡೆ ತಿರುಗಿ ನೋಡುವವರು ಮಾವುತರ ಮನೆಯ ಮಕ್ಕಳು ಮಾತ್ರ.

ಇನ್ನು ಆ ಫುಟ್ಬಾಲಿನ ಚರಿತ್ರೆಗೆ ಬರುತ್ತೇನೆ. 1880ರವರೆಗೆ ಆ ಆಟದಲ್ಲಿ ಪಂಕ್ತಿಯೆಂಬುದೇ ಇರಲಿಲ್ಲ. ಚೆಂಡಿನ ಸುತ್ತ ಒಂದು ಗುಂಪು, ಗುಂಪಿನೊಳಗೆ ಒಂದು ನೂಕುನುಗ್ಗಲು. ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಎಂಬ ಮಹನೀಯನು ಆ ವರ್ಷ, ಚೆಂಡು ಒಂದು ಪಕ್ಷದ ಸ್ವಾಧೀನದಲ್ಲಿರತಕ್ಕದ್ದೆಂದೂ, ಒಂದು ಗೆರೆಯ ಮೇಲಿನಿಂದ ಅದನ್ನು ಹಿಂದಕ್ಕೆ ಕೊಟ್ಟು ಆಟವನ್ನು ಆರಂಭಿಸತಕ್ಕದ್ದೆಂದೂ ನಿಯಮವನ್ನು ಮಾಡಿಸಿದ. ಗೆರೆ ಹುಟ್ಟಿದೊಡನೆ ಗೆರೆಯನ್ನು ಕಾಯುವವನೂ ಹುಟ್ಟಿದ. 1892ರಲ್ಲಿ ಹಾರ್ವರ್ಡಿನವರು, ಆಟಗಾರರು ಎರಡು ದಿಕ್ಕಿನಿಂದ ಓಡಿಬಂದು ಬಾಣದ ಮೊನೆಯಂತೆ ಕೂಡಿಕೊಂಡು ಎದುರಾಳಿಯ ಮೇಲೆ ಬೀಳುವ ವ್ಯೂಹವೊಂದನ್ನು ರಚಿಸಿದರು. ಕುರುಕ್ಷೇತ್ರದ ಕಥೆ ಕೇಳಿ ಬೆಳೆದ ನಮಗೆ ವ್ಯೂಹಗಳು ಹೊಸತಲ್ಲ. ಅಲ್ಲಿಯವರಿಗೆ ಅದು ಸಹಿಸಲಾಗದೆ ಎರಡೇ ವರ್ಷಗಳಲ್ಲಿ ಅದನ್ನು ನಿಷೇಧಿಸಿದರು. ಆದರೂ ಮೂಳೆ ಮುರಿಯುವುದು ನಿಲ್ಲಲಿಲ್ಲ. 1905ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜುಗಳ ಪ್ರತಿನಿಧಿಗಳನ್ನು ತನ್ನ ಮನೆಗೇ ಕರೆಸಿ ಬುದ್ಧಿ ಹೇಳಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಎಸೆಯುವವನಿಗೆ ಕಾವಲು ಬೇಕಾದದ್ದು ಆಗಿನಿಂದ.

ಈ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ ಸಂಗತಿಯೊಂದುಂಟು. ಒಹಾಯೊದ ಕ್ಯಾಂಟನ್ ಎಂಬ ಊರಿನಲ್ಲಿ ಈ ಆಟದ ಕೀರ್ತಿವಂತರ ಕಂಚಿನ ತಲೆಗಳನ್ನಿಟ್ಟಿರುವ ಮಂದಿರವಿದೆ. ಮೊಮ್ಮಗನ ಒತ್ತಾಯಕ್ಕೆ ಅದನ್ನೂ ನೋಡಿದ್ದಾಯಿತು. ಪಿಟ್ಸ್‌ಬರ್ಗಿನ ಅಲೆಘೆನಿ ಸಂಘದ ಹಳೆಯ ಜಮಾಖರ್ಚಿನ ಹಾಳೆಯೊಂದು ಆ ಮಂದಿರದವರ ಬಳಿ ಇದೆ. 1892ರ ನವೆಂಬರ್ 12ರಂದು ಪಂದ್ಯವಾಡಿದ್ದಕ್ಕಾಗಿ ವಿಲಿಯಂ ಹೆಫೆಲ್ಫಿಂಗರ್ ಎಂಬವನಿಗೆ 500 ಡಾಲರ್ ಸಂದಾಯ ಎಂಬುದು ಅದರ ತಾತ್ಪರ್ಯ. ಹಣ ಪಡೆದು ಆ ಆಟವನ್ನು ಆಡಿದನೆಂಬುದಕ್ಕೆ ದಾಖಲೆಯಿರುವ ಮೊತ್ತಮೊದಲನೆಯ ಮನುಷ್ಯ ಆತ. ಆತ ಎಸೆಯುವವನಲ್ಲ, ಓಡುವವನಲ್ಲ, ಪಂಕ್ತಿಯ ಗಾರ್ಡು! ಅಂದಿನ ಪಂದ್ಯದ ಏಕೈಕ ಗಳಿಕೆಯೂ, ಎದುರಾಳಿಯ ಕೈಜಾರಿದ ಚೆಂಡನ್ನು ಬಾಚಿಕೊಂಡು ಓಡಿದ ಆತನದೇ. ಹೀಗೆ ವೃತ್ತಿಯ ಬಾಗಿಲನ್ನು ತೆರೆದವನು ಪಂಕ್ತಿಯವನಾದರೂ, ಒಳಗೆ ಹೋಗಿ ಪೀಠವೇರಿದವರು ಬೇರೆಯವರಾದರು.

ಅದೇ ಕ್ಯಾಂಟನ್ನಿನ ಮೋಟಾರು ಕಾರಿನ ಅಂಗಡಿಯೊಂದರಲ್ಲಿ, 1920ರ ಸೆಪ್ಟೆಂಬರಿನಲ್ಲಿ, ಕುರ್ಚಿ ಸಾಲದೆ ಕೆಲವರು ಕಾರುಗಳ ಪಾವಟಿಗೆಯ ಮೇಲೆಯೇ ಕುಳಿತು, ವೃತ್ತಿಪರ ಸಂಘಟನೆಯನ್ನು ಸ್ಥಾಪಿಸಿದರು. ಬಹುಕಾಲ ಅಲ್ಲಿ ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಮಂದಿ. 1950ರಿಂದ ಆಟಗಾರರನ್ನು ಮನಬಂದಂತೆ ಬದಲಿಸುವ ಸ್ವಾತಂತ್ರ್ಯ ಸ್ಥಿರವಾದ ಮೇಲೆ, ತಡೆಯುವುದೊಂದನ್ನೇ ಬಲ್ಲವನು ಪ್ರತ್ಯೇಕವಾದ. 1967ರ ಕೊನೆಯ ದಿನ, ಗ್ರೀನ್ ಬೇ ಎಂಬಲ್ಲಿ, ನೀರು ಕಲ್ಲಾಗುವ ಚಳಿಯಲ್ಲಿ ನಡೆದ ಪಂದ್ಯದ ಕಡೆಯ ಗಳಿಗೆಯಲ್ಲಿ ಜೆರ್ರಿ ಕ್ರೇಮರ್ ಎಂಬ ಗಾರ್ಡು ಎದುರಾಳಿಯನ್ನು ಸರಿಸಿ ಮಾಡಿದ ಸಂದಿನಲ್ಲಿ ಕ್ವಾರ್ಟರ್‌ಬ್ಯಾಕ್ ತೂರಿ ಗೆದ್ದ; ಟೆಲಿವಿಷನ್ನಿನವರು ಅದನ್ನು ಮತ್ತೆ ಮತ್ತೆ ತಿರುಗಿಸಿ ತೋರಿಸಿದ್ದರಿಂದ ಜನ ಮೊದಲ ಬಾರಿಗೆ ಚೆಂಡನ್ನು ಬಿಟ್ಟು ಪಂಕ್ತಿಯನ್ನು ನೋಡಿದರು. ಅಷ್ಟು ಪ್ರಸಿದ್ಧನಾದ ಆತನಿಗೂ ಕ್ಯಾಂಟನ್ನಿನ ಕಂಚು ದೊರೆತದ್ದು 2018ರಲ್ಲಿ, ಎಂಬತ್ತು ದಾಟಿದ ಮೇಲೆ.

ಪಂಕ್ತಿಯವನ ಬೆಲೆಯನ್ನು ಏರಿಸಿದ್ದು ಒಂದು ಕಾಲಿನ ಮೂಳೆ. 1985ರ ನವೆಂಬರ್ 18ರಂದು, ವಾಷಿಂಗ್ಟನ್ ತಂಡದ ಜೋ ಥೈಸ್‌ಮನ್ ಎಂಬ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಲಾರೆನ್ಸ್ ಟೇಲರ್ ಎರಗಿದಾಗ ಕಾಲು ಮುರಿದು, ಆತನ ಆಟದ ಬದುಕೇ ಅಲ್ಲಿಗೆ ಮುಗಿಯಿತು. ಬಲಗೈಯಿಂದ ಎಸೆಯುವವನಿಗೆ ಎಡಬೆನ್ನಿನ ಕಡೆಯಿಂದ ಬರುವವನು ಕಾಣಿಸನು. ಆ ಕಾಣದ ಮಗ್ಗುಲನ್ನು ಕಾಯುವ ಎಡಗಡೆಯ ಟ್ಯಾಕಲ್ ಎಷ್ಟು ಅಮೂಲ್ಯನೆಂಬುದು ತಂಡಗಳ ಒಡೆಯರಿಗೆ ಮನದಟ್ಟಾಯಿತು. 1993ರಿಂದ ಆಟಗಾರರು ಕರಾರು ಮುಗಿದ ಮೇಲೆ ತಂಡ ಬದಲಿಸಲು ಸ್ವತಂತ್ರರಾದಾಗ, ಆ ಸ್ಥಾನದವರ ಸಂಬಳ ಒಮ್ಮೆಲೇ ಮೇಲಕ್ಕೆ ಜಿಗಿಯಿತು.

ಮೊಮ್ಮಗನ ಆರಾಧ್ಯದೈವವಾದ ಕ್ಲೀವ್‌ಲ್ಯಾಂಡಿನ ಜೋ ಥಾಮಸ್ ಅಂಥ ಟ್ಯಾಕಲ್. 2007ರಲ್ಲಿ ದೇಶದ ಹೊಸ ಆಟಗಾರರಲ್ಲಿ ಮೂರನೆಯವನಾಗಿ ಆಯ್ಕೆಯಾದ ದಿನ, ನ್ಯೂಯಾರ್ಕಿನ ವೇದಿಕೆಗೆ ಬರಬೇಕೆಂಬ ಆಹ್ವಾನವನ್ನು ಒಲ್ಲೆನೆಂದು, ಆತ ತಂದೆಯೊಡನೆ ಮಿಷಿಗನ್ ಸರೋವರದಲ್ಲಿ ಮೀನು ಹಿಡಿಯುತ್ತಿದ್ದನಂತೆ. ಅಲ್ಲಿಂದ 2017ರಲ್ಲಿ ತೋಳಿನ ಸ್ನಾಯು ಹರಿಯುವವರೆಗೆ, ತಂಡದ ದಾಳಿಯ ಒಂದೇ ಒಂದು ಸರದಿಯನ್ನೂ ತಪ್ಪಿಸದೆ, 10,363 ಬಾರಿ ಆತ ಗೆರೆಯ ಮೇಲೆ ಬಗ್ಗಿ ನಿಂತ. ಆತನ ಬೆನ್ನ ಹಿಂದೆ ಇಪ್ಪತ್ತರಷ್ಟು ಕ್ವಾರ್ಟರ್‌ಬ್ಯಾಕ್‌ಗಳು ಬಂದು ಹೋದರು. ತಂಡವು ಆ ಅವಧಿಯಲ್ಲಿ ಒಮ್ಮೆಯೂ ಅಂತಿಮ ಸುತ್ತುಗಳನ್ನು ಮುಟ್ಟಲಿಲ್ಲ. ನಿವೃತ್ತನಾದ ಮೇಲೆ, ಊಟವನ್ನೇ ಉದ್ಯೋಗದ ಭಾಗವಾಗಿ ಉಂಡು ಬೆಳೆಸಿದ ದೇಹವನ್ನು ಆತ ಇಪ್ಪತ್ತು ಕಿಲೋಗೂ ಹೆಚ್ಚು ಇಳಿಸಿದ. ಮೈಸೂರಿನ ಗರಡಿ ಪೈಲ್ವಾನರನ್ನು ಬಲ್ಲವರಿಗೆ ಇದು ಎಂಥ ತಪಸ್ಸೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಸರತ್ತು ನಿಂತರೂ ಹಸಿವು ನಿಲ್ಲದೆಂಬುದೇ ಅವರ ಗೋಳು.

ಎಲ್ಲರ ಉತ್ತರಾರ್ಧವೂ ಹೀಗಿರಲಿಲ್ಲ. ಪಿಟ್ಸ್‌ಬರ್ಗ್ ತಂಡದ ಸೆಂಟರ್ ಮೈಕ್ ವೆಬ್‌ಸ್ಟರ್ ನಾಲ್ಕು ಬಾರಿ ಪರಮೋಚ್ಚ ಪ್ರಶಸ್ತಿಯನ್ನು ಗೆದ್ದವನು. ಹದಿನೇಳು ವರ್ಷ ತಲೆಗೆ ತಲೆ ತಾಗಿಸಿ ಆಡಿದ ಆತ, ಕಡೆಗಾಲದಲ್ಲಿ ಬುದ್ಧಿ ಕದಡಿ, ಕೆಲವೊಮ್ಮೆ ತನ್ನ ಟ್ರಕ್ಕಿನಲ್ಲಿಯೇ ಮಲಗುತ್ತ, 2002ರಲ್ಲಿ ತನ್ನ 50ನೆಯ ವಯಸ್ಸಿನಲ್ಲಿ ತೀರಿಕೊಂಡ. ಬೆನೆಟ್ ಒಮಾಲು ಎಂಬ ನೈಜೀರಿಯಾ ಮೂಲದ ವೈದ್ಯರು ಆತನ ಮಿದುಳನ್ನು ಪರೀಕ್ಷಿಸಿ ಕಂಡ ವಿಕಾರವು, ಮುಂದೆ ಆ ಆಟದ ನಿಯಮಗಳನ್ನೇ ಅಲುಗಾಡಿಸಿತು.

ಅದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಅರ್ಜುನ. ಹೆಗ್ಗಡದೇವನಕೋಟೆ ತಾಲೂಕಿನ ಬಳ್ಳೆ ಶಿಬಿರದ ಆ ಆನೆ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕಿಲೋ ಭಾರದ ಚಿನ್ನದ ಅಂಬಾರಿಯನ್ನು ಹೊತ್ತು, ಅರವತ್ತು ತುಂಬಿದ್ದರಿಂದ ಆ ಕೆಲಸದಿಂದ ನಿವೃತ್ತವಾಯಿತು. ಕುಮ್ಕಿಯ ಕೆಲಸದಿಂದ ಆಗಲಿಲ್ಲ. 2023ರ ಡಿಸೆಂಬರ್ 4ರಂದು, ಸಕಲೇಶಪುರದ ಯಸಳೂರು ಕಾಡಿನಲ್ಲಿ ಕಾಡಾನೆಯನ್ನು ಹಿಡಿಯಹೋದ ತಂಡದ ಮುಂದೆ ನಿಂತು, ಎರಗಿ ಬಂದ ಸಲಗವನ್ನು ಎದುರಿಸಿ, ಅಲ್ಲಿಯೇ ಮಡಿಯಿತು. ಬಳ್ಳೆಗೆ ತರಬೇಕೆಂದು ಜನ ಅತ್ತರೂ ಮಣ್ಣು ಮಾಡಿದ್ದು ಆ ಕಾಡಿನಲ್ಲಿಯೇ. ಸುದ್ದಿ ಒಹಾಯೊವರೆಗೂ ಹೋಗಿತ್ತು, ಮೊಮ್ಮಗ ಫೋನು ಮಾಡಿ, “ತಾತ, ಅಂಬಾರಿ ಆನೆ ಅಲ್ವಾ ಅದು, ಅಲ್ಲಿಗ್ಯಾಕೆ ಕರ್ಕೊಂಡು ಹೋದ್ರು?” ಎಂದು ಕೇಳಿದ.