ಭಾನುವಾರ ಕಳೆದುಕೊಂಡವರು

(ಪ್ರಸಾರ: 25 ಡಿಸೆಂಬರ್ 2020)

ಇವತ್ತು ಕ್ರಿಸ್‌ಮಸ್. ಆಚರಿಸುವ ಎಲ್ಲರಿಗೂ ಶುಭಾಶಯ.

ಮೊನ್ನೆ ಬುಧವಾರ ರಾತ್ರಿ ಕರ್ಫ್ಯೂ ಅಂತ ನಾವು ಬ್ರೇಕಿಂಗ್ ಕೊಟ್ಟೆವು. ಮೊದಲು ಹೇಳಿದ್ದು, ರಾತ್ರಿ 10ರಿಂದ ಬೆಳಿಗ್ಗೆ 6, ಇವತ್ತಿನಿಂದಲೇ ಅಂತ. ಆಮೇಲೆ ಅದು 11ರಿಂದ 5 ಆಯ್ತು. ಇವತ್ತಿನಿಂದ ಅಲ್ಲ, ನಾಳೆಯಿಂದ ಅಂತಾಯ್ತು. ನಡುರಾತ್ರಿಯ ಕ್ರಿಸ್‌ಮಸ್ ಪ್ರಾರ್ಥನೆಗೆ ಅಡ್ಡಿ ಇಲ್ಲ ಅಂದರು. ನಿನ್ನೆ ಗುರುವಾರ, ಕರ್ಫ್ಯೂ ಶುರುವಾಗೋದಕ್ಕೂ ಮೊದಲೇ ಅದನ್ನ ವಾಪಸ್ ತಗೊಂಡರು. ಎಷ್ಟು ಸಲ ಗ್ರಾಫಿಕ್ಸ್ ಬದಲಾಯಿಸಿದೆವು ಅಂತ ನಮ್ಮ ಹುಡುಗರನ್ನೇ ಕೇಳಬೇಕು.

ಈ ಗಲಾಟೆ ನಡುವೆ ಹುಬ್ಬಳ್ಳಿಯಿಂದ ನನ್ನ ಗೆಳೆಯನ ಫೋನ್ ಬಂತು. ಇಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಒಂದೇ ಬೆಂಚು ನಮ್ಮದು. "ಏನಪಾ, ಈಗರೆ ಖರೇ ಹೇಳು, ಕರ್ಫ್ಯೂ ಐತೋ ಇಲ್ಲೋ?" ಇಲ್ಲ, ವಾಪಸ್ ತಗೊಂಡಾರ ಅಂದೆ. ನಕ್ಕುಬಿಟ್ಟ. "ಇರ್ಲಿ ಬಿಡು. ನಾವು ಹೆಂಗೂ ಸಂಜಿ ಏಳಕ್ಕ ಮುಗಿಸಾಕ ತಯಾರಿ ಮಾಡ್ಕೊಂಡೀವಿ. ಒಂಬತ್ತು ತಿಂಗಳಾತು, ಈಗ ಎಲ್ಲಾದಕ್ಕೂ ತಯಾರ ಇರ್ತೀವಿ."

ಒಂಬತ್ತು ತಿಂಗಳಲ್ಲಿ ಅವರು ಏನೇನಕ್ಕೆ ತಯಾರಾದರು? ನಾನು ಇವತ್ತು ಮಾತಾಡೋದು ಅದರ ಬಗ್ಗೆ.

ನಮ್ಮೂರು ಬಮ್ಮಿಗಟ್ಟಿ. ಧಾರವಾಡ ಜಿಲ್ಲೆ, ಕಲಘಟಗಿ ತಾಲೂಕು. ಕಲಘಟಗಿ ತೊಟ್ಟಿಲು ಅಂದರೆ ನಿಮಗೆ ಬೇಗ ನೆನಪಾಗುತ್ತೆ. ಮಾರ್ಚ್ ಕೊನೆಯಲ್ಲಿ ಊರ ದಾರಿಗೆ ಅಡ್ಡ ಮುಳ್ಳುಕಂಟಿ ಹಾಕಿದ್ದರು. ಆಮೇಲೆ ಹಿರಿಯರು ಸೇರಿ ವಾರ ಹಿಡಿದರು. ವಾರ ಹಿಡಿಯೋದು ಅಂದರೆ ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ಇಂತಿಷ್ಟು ಮಂಗಳವಾರ ಹೊಲದ ಕೆಲಸ ಇಲ್ಲ, ಬಂಡಿ ಹೂಡೋದಿಲ್ಲ, ರೊಟ್ಟಿ ಬಡಿಯೋದಿಲ್ಲ. ಆ ದಿನ ಊರಮ್ಮನದು. ನಮ್ಮ ಕಡೆ ದೊಡ್ಡ ರೋಗ ಬಂದಾಗೆಲ್ಲ ಜನ ಹೀಗೆ ಏನಾದರೂ ದಾರಿ ಹುಡುಕಿದ್ದಾರೆ. ಪ್ಲೇಗ್ ಕಾಲದಲ್ಲಿ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ನಮ್ಮಜ್ಜಿ ತನ್ನ ಅವ್ವನಿಂದ ಕೇಳಿ ನಮಗೆ ಹೇಳ್ತಿದ್ದಳು. ಈ ಸಲ ನಮ್ಮ ಅವ್ವ ಫೋನಲ್ಲಿ ಹೇಳಿದ್ದು ಇಷ್ಟು: "ಉಡಿ ತುಂಬಾಕ ಗುಡಿಗೆ ಹೋಗಿಲ್ಲಪಾ. ಮನ್ಯಾಗ ತುಂಬಿ ಕೈ ಮುಗದೀವಿ."

ಗುಡಿ ಹೋಯ್ತು, ಮಂಗಳವಾರ ಉಳೀತು. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ಊರಲ್ಲಿದ್ದಷ್ಟು ದಿನ ನಾನು ಚರ್ಚಿನ ಒಳಗೆ ಕಾಲಿಟ್ಟವನಲ್ಲ. ಮೊದಲ ಸಲ ಹೋಗಿದ್ದು ಕಾಲೇಜಲ್ಲಿದ್ದಾಗ, ಈ ಗೆಳೆಯನ ಜೊತೆ, ಕ್ರಿಸ್‌ಮಸ್ ದಿನ. ಆರಾಧನೆ ನಡುವೆ ಸಭಾಪಾಲಕರು ಮುಂದಿನ ಸಾಲಿನವರ ಕೈ ಹಿಡಿದು ಸಮಾಧಾನ ಹಾರೈಸಿದರು. ಅವರು ಪಕ್ಕದವರಿಗೆ, ಪಕ್ಕದವರು ಹಿಂದಿನವರಿಗೆ. ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ದಾಟಿ ಅದು ಕೊನೆಯ ಬೆಂಚಿಗೆ ಬಂತು. ಏನು ಮಾಡಬೇಕು ಅಂತ ಗೊತ್ತಾಗದೆ ನಾನು ಕೈ ಹಿಂದಕ್ಕೆ ತಗೊಂಡೆ. ಗೆಳೆಯನ ಅವ್ವ ನನ್ನ ಎರಡೂ ಕೈ ಹಿಡಿದು ತಮ್ಮ ಅಂಗೈ ನಡುವೆ ಇಟ್ಟುಕೊಂಡರು. "ಹಿಂಗ" ಅಂದರು. ಅಷ್ಟೇ. ಆಮೇಲೆ ಮನೆಗೆ ಕರಕೊಂಡು ಹೋಗಿ ಹೊಟ್ಟೆ ಬಿರಿಯೋ ಹಾಗೆ ಕರ್ಜಿಕಾಯಿ ತಿನ್ನಿಸಿದರು.

ನಮ್ಮ ಭಾಗದ ಬಹಳಷ್ಟು ಸಭೆಗಳು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಗೆ ಸೇರಿದವು. ಅದು ಶುರುವಾಗಿದ್ದು 1947ರ ಸೆಪ್ಟೆಂಬರ್‌ನಲ್ಲಿ. ಕೈಯಿಂದ ಕೈಗೆ ಸಮಾಧಾನ ದಾಟಿಸುವ ಈ ಪದ್ಧತಿ ಅವರ ಆರಾಧನಾ ಕ್ರಮದ ಹೆಮ್ಮೆ. ಆದರೆ ಈ ವರ್ಷದ ಕಣ್ಣಿಂದ ನೋಡಿ. ಸೋಂಕು ಹೇಗೆ ಹರಡುತ್ತೆ ಅಂತ ನಾವು ಗ್ರಾಫಿಕ್ಸ್‌ನಲ್ಲಿ ತೋರಿಸ್ತೀವಲ್ಲ, ಒಬ್ಬನಿಂದ ಇಬ್ಬರಿಗೆ, ಇಬ್ಬರಿಂದ ನಾಲ್ವರಿಗೆ? ಸಾಕ್ಷಾತ್ ಅದೇ ಚಿತ್ರ.

ಚರ್ಚಿನಲ್ಲಿ ಹರಡಿದ್ದೂ ಹೌದು. ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ದೇಗು ನಗರದಲ್ಲಿ ಒಂದು ಪಂಥದ ಕೂಟಗಳಿಂದ ಸೋಂಕು ಕಾಳ್ಗಿಚ್ಚಿನ ಹಾಗೆ ಹಬ್ಬಿತು. ಮಾರ್ಚ್ 10ಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಅನ್ನೋ ಕಡೆ, ಚರ್ಚಿನ ಹಾಲ್‌ನಲ್ಲಿ 61 ಜನ ಸೇರಿ ಹಾಡಿನ ತಾಲೀಮು ಮಾಡಿದರು. ಅವರಲ್ಲಿ 53 ಜನಕ್ಕೆ ಕಾಯಿಲೆ ಅಂಟಿತು ಅಂತ ಲೆಕ್ಕ, ಇಬ್ಬರು ಸತ್ತರು. ಗಟ್ಟಿಯಾಗಿ ಹಾಡಿದಾಗ ಬಾಯಿಂದ ಬರೋ ಸಣ್ಣ ಕಣಗಳು ಮುಚ್ಚಿದ ಕೋಣೆಯಲ್ಲಿ ಗಾಳಿಯಲ್ಲೇ ತೇಲ್ತಾ ಇರುತ್ತವೆ. ಭಕ್ತಿ ಇದೆ ಅಂತ ವೈರಸ್ಸು ರಿಯಾಯಿತಿ ಕೊಡಲಿಲ್ಲ. ಯಾವ ಧರ್ಮಕ್ಕೂ ಕೊಡಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಸ್ಟುಡಿಯೋದಲ್ಲಿ ಒಂದೇ ಸಮುದಾಯದ ಹೆಸರು ಹಿಡಿದು ಎಷ್ಟು ಕೂಗಿದೆವು ಅಂತ ನನಗೂ ನೆನಪಿದೆ, ನಿಮಗೂ ನೆನಪಿದೆ. ಕೂಗಿದವರಲ್ಲಿ ನಾನೂ ಒಬ್ಬ.

ಮಾರ್ಚ್ 22, ಜನತಾ ಕರ್ಫ್ಯೂ, ಭಾನುವಾರ. ಚರ್ಚುಗಳ ಪಾಲಿಗೆ ಬೀಗ ಶುರುವಾಗಿದ್ದು ಅವತ್ತು. ಅದೇ 27ಕ್ಕೆ ರೋಮ್‌ನಲ್ಲಿ ಮಳೆ ಹನಿಯುವ ಸಂಜೆ ಪೋಪ್ ಫ್ರಾನ್ಸಿಸ್ ಖಾಲಿ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನ ನಾವೂ ತೋರಿಸಿದ್ದೆವು. ಪವಿತ್ರ ಗುರುವಾರ ಹನ್ನೆರಡು ಜನರ ಪಾದ ತೊಳೆಯೋ ವಿಧಿ ಈ ವರ್ಷ ಬೇಡ ಅಂತ ವ್ಯಾಟಿಕನ್ನೇ ಹೇಳಿತು. ಏಪ್ರಿಲ್ 5 ಗರಿಗಳ ಭಾನುವಾರ, ಮೆರವಣಿಗೆ ಇಲ್ಲ. ಅದೇ ರಾತ್ರಿ 9ಕ್ಕೆ ದೇಶವೆಲ್ಲ ದೀಪ ಹಚ್ಚಿದ್ದು. ಗೆಳೆಯನ ಮನೆಯಲ್ಲಿ ಬೆಳಿಗ್ಗೆ ಬಾಗಿಲಿಗೆ ತೆಂಗಿನ ಗರಿ ಕಟ್ಟಿದ್ದರು, ರಾತ್ರಿ ಅದರ ಕೆಳಗೇ ಹಣತೆ ಇಟ್ಟರು.

ಅಷ್ಟರಲ್ಲಿ ಪ್ರಸಂಗ ವಾಟ್ಸಾಪಿಗೆ ಬಂದಿತ್ತು, ಯೂಟ್ಯೂಬಿಗೆ ಬಂದಿತ್ತು. ಇದೇನು ದೊಡ್ಡದಲ್ಲ ಬಿಡಿ. ಹೊಸ ಯಂತ್ರ ಹಿಡಿಯೋದರಲ್ಲಿ ಇವರು ಯಾವತ್ತೂ ಹಿಂದೆ ಬಿದ್ದವರಲ್ಲ. ನಾವು ಪತ್ರಕರ್ತರು ಜುಲೈ 1ಕ್ಕೆ ಪತ್ರಿಕಾ ದಿನ ಮಾಡ್ತೀವಿ. ಯಾಕೆ? 1843ರಲ್ಲಿ ಆ ದಿನ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರು ಸಮಾಚಾರ' ತಂದರು. ಅದೇ ಮಿಷನ್ನು ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅದೇ ಮಿಷನ್ನಿನ ಕಿಟೆಲ್, ನಿಘಂಟಿನ ಕಿಟೆಲ್, ಯೇಸುವಿನ ಕಥೆಯನ್ನ ಕನ್ನಡದ ಛಂದಸ್ಸಿನಲ್ಲಿ ಹಾಡೋ ಹಾಗೆ 'ಕಥಾಮಾಲೆ' ಬರೆದರು. ಅದು 1862. ಆ ಕಾಲಕ್ಕೆ ಕಲ್ಲಚ್ಚು, ಈ ಕಾಲಕ್ಕೆ ಮೊಬೈಲ್.

ತೊಂದರೆ ಆಗಿದ್ದು ಹಾಡಿಗೆ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಆದ್ದರಿಂದ ಸ್ವಲ್ಪ ಸಹಿಸಿಕೊಳ್ಳಿ. ಝೂಮ್‌ನಲ್ಲಿ ನಿಮ್ಮ ದನಿ ನನ್ನ ಹತ್ತಿರ ಬರೋದು ಒಂದಿಷ್ಟು ತಡವಾಗಿ. ಮಾತಿಗೆ ಆ ತಡ ನಡೆಯುತ್ತೆ. ಹಾಡಿಗೆ ನಡೆಯೋದಿಲ್ಲ. ನಲವತ್ತು ಮನೆಯವರು ಒಟ್ಟಿಗೆ ಹಾಡಿದರೆ ನಲವತ್ತು ತಾಳ. ಮೊದಲನೇ ಭಾನುವಾರ ಗೆಳೆಯನ ಸಭೆಯಲ್ಲಿ ಆಗಿದ್ದು ಅದೇ, ಸಂತೆಯೋ ಸಂತೆ. ಎರಡನೇ ವಾರದಿಂದ ಎಲ್ಲರ ಮೈಕ್ ಬಂದ್ ಮಾಡಿ ಒಬ್ಬರೇ ಹಾಡೋದು. ಉಳಿದವರು ಮನೆಯಲ್ಲಿ ತುಟಿ ಅಲ್ಲಾಡಿಸೋದು. "ನಾವು ಹಾಡಾಕಹತ್ತೀವೋ, ಹಾಡು ನೋಡಾಕಹತ್ತೀವೋ ತಿಳೀವಲ್ದು" ಅಂತಿದ್ದರಂತೆ ಅವ್ವ.

ಮತ್ತೆ ರೊಟ್ಟಿ, ದ್ರಾಕ್ಷಾರಸ. ಪ್ರಭು ಭೋಜನ. ಅದು ವೈರಿನಲ್ಲಿ ಹೋಗೋದಿಲ್ಲ. ಮನೆಯಲ್ಲಿ ಬ್ರೆಡ್ ಇಟ್ಟುಕೊಂಡು ಪರದೆ ಮುಂದೆ ಕೂತರೆ ನಡೆಯುತ್ತೆ ಅಂದವರೂ ಇದ್ದರು, ನಡೆಯೋದಿಲ್ಲ ಅಂದವರೂ ಇದ್ದರು. ಕ್ಯಾಥೊಲಿಕ್ ಗುರುಗಳು, ಪರಮಪ್ರಸಾದವನ್ನ ಮನಸ್ಸಿನಲ್ಲೇ ಬಯಸಿ ಪ್ರಾರ್ಥಿಸಿ ಅಂದರು. ಗೆಳೆಯನ ಸಭೆ ಕಾಯೋಣ ಅಂತ ತೀರ್ಮಾನಿಸಿತು. ನನಗೆ ಆ ತೀರ್ಮಾನ ಹಿಡಿಸಿತು. ಇಲ್ಲದ್ದನ್ನ ಇಲ್ಲ ಅಂತ ಒಪ್ಪಿಕೊಂಡು ಹಸಿದಿರೋದೂ ಒಂದು ಹೊಂದಾಣಿಕೆಯೇ.

ಆದರೆ ನನ್ನ ಪ್ರಕಾರ ಈ ಒಂಬತ್ತು ತಿಂಗಳು ಚರ್ಚನ್ನ ಉಳಿಸಿದ್ದು ಯೂಟ್ಯೂಬ್ ಅಲ್ಲ, ರಿಜಿಸ್ಟರ್. ಹೌದು, ಹಳೇ ಕಾಲದ ರಟ್ಟಿನ ಪುಸ್ತಕ. ಯಾವ ಮನೆ, ಎಷ್ಟು ಜನ, ಯಾರಿಗೆ ದೀಕ್ಷಾಸ್ನಾನ ಆಯ್ತು, ಯಾರ ಮದುವೆ ಯಾವಾಗ, ಎಲ್ಲಾ ಅದರಲ್ಲಿ. ನಮ್ಮ ಗುಡಿಗೆ ಯಾರು ಬರ್ತಾರೆ ಅಂತ ಪೂಜಾರಿ ಹತ್ತಿರ ಪಟ್ಟಿ ಇರೋದಿಲ್ಲ. ಇವರ ಹತ್ತಿರ ಇದೆ. ಆ ಪುಸ್ತಕ ಮುಂದಿಟ್ಟುಕೊಂಡು ಯುವಕರು ಮನೆಮನೆಗೆ ಫೋನ್ ಮಾಡಿದರು. ಒಬ್ಬಂಟಿ ಯಾರು, ಬಿಪಿ ಗುಳಿಗೆ ಯಾರದು ಮುಗೀತು, ಗೌಂಡಿ ಕೆಲಸ ನಿಂತು ಯಾರ ಮನೆಯಲ್ಲಿ ಅಕ್ಕಿ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಬಟನ್ ಫೋನಿನ ಕಾನ್ಫರೆನ್ಸ್ ಕಾಲ್, ಒಂದು ಸಲಕ್ಕೆ ನಾಲ್ಕೈದು ಜನ. ಒಂದೇ ಪ್ರಾರ್ಥನೆಯನ್ನ ಸಭಾಪಾಲಕರು ಒಂದು ಬೆಳಿಗ್ಗೆಯಲ್ಲಿ ಹನ್ನೊಂದು ಸಲ ಮಾಡಿದ್ದುಂಟಂತೆ. ಕಿವಿ ಕೇಳದವರಿಗೆ ಆರಾಧನಾ ಕ್ರಮ ಝೆರಾಕ್ಸ್ ಮಾಡಿ ರೇಷನ್ ಚೀಲದ ಜೊತೆ ಬಾಗಿಲಲ್ಲಿ ಇಟ್ಟು ಬಂದರು. ಚೀಲ ಕೊಡುವಾಗ ರಿಜಿಸ್ಟರ್‌ನಲ್ಲಿ ಇಲ್ಲದ ಪಕ್ಕದ ಮನೆಗಳಿಗೂ ಕೊಟ್ಟರು. ದುಡ್ಡು ಎಲ್ಲಿತ್ತು? ಇರಲಿಲ್ಲ. ಭಾನುವಾರ ಇಲ್ಲ ಅಂದರೆ ಕಾಣಿಕೆ ಚೀಲ ತಿರುಗೋದಿಲ್ಲ. ಸಭಾಪಾಲಕರ ಸಂಬಳವೇ ಎರಡು ತಿಂಗಳು ಅರ್ಧಕ್ಕೆ ನಿಂತಿತ್ತು.

ಜೂನ್ 8ಕ್ಕೆ ಗುಡಿ, ಮಸೀದಿ, ಚರ್ಚು ತೆರೆದವು. ಕೇಂದ್ರದ ನಿಯಮಗಳು ನಿಮಗೆ ನೆನಪಿರಬಹುದು. ಆರಡಿ ಅಂತರ, 65 ದಾಟಿದವರು ಮನೆಯಲ್ಲೇ ಇರಬೇಕು, ಪವಿತ್ರ ಗ್ರಂಥ ಮುಟ್ಟೋ ಹಾಗಿಲ್ಲ, ಪ್ರಸಾದ ಇಲ್ಲ, ಗಾಯನ ತಂಡ ಇಲ್ಲ, ಬೇಕಾದರೆ ರೆಕಾರ್ಡಿಂಗ್ ಹಾಕಿ. ಸರಿ, ಅದನ್ನೂ ಒಪ್ಪಿದರು. ಬೆಂಚಿಗೆ ಇಬ್ಬರು, ಕೈ ಹಿಡಿಯೋ ಬದಲು ಇದ್ದಲ್ಲೇ ಕೈ ಮುಗಿಯೋದು. ಜೂನ್ 14, 21, 28. ಮೂರೇ ಮೂರು ಭಾನುವಾರ.

ಜುಲೈ 5ರಿಂದ ರಾಜ್ಯದಲ್ಲಿ ಭಾನುವಾರ ಪೂರ್ತಿ ಲಾಕ್‌ಡೌನ್.

ಆ ಸುದ್ದಿ ಓದಿದವನು ನಾನೇ. ಅವತ್ತು ರಾತ್ರಿ ಒಂದು ಗಂಟೆ ಚರ್ಚೆ ಮಾಡಿದೆ. ಯಾವುದರ ಬಗ್ಗೆ ಗೊತ್ತಾ? ಭಾನುವಾರ ಮಟನ್ ಅಂಗಡಿ ಇಲ್ಲ ಅಂದರೆ ಶನಿವಾರ ರಷ್ ಆಗೋದಿಲ್ವಾ ಅಂತ. ಭಾನುವಾರ ಅಂದರೆ ಚರ್ಚು ಅನ್ನೋದು ನನ್ನ ತಲೆಗೇ ಬರಲಿಲ್ಲ. ಜುಲೈನ ನಾಲ್ಕೂ ಭಾನುವಾರ ಹೋದವು. ನಡುವೆ ಧಾರವಾಡ ಜಿಲ್ಲೆಗೆ ಬೇರೆಯದೇ ಲಾಕ್‌ಡೌನ್. ನಮ್ಮೂರಲ್ಲಿ ಗುಡಿ ಹೋದರೂ ಮಂಗಳವಾರ ಉಳೀತು ಅಂದೆನಲ್ಲ, ಇವರಿಗೆ ಕಟ್ಟಡ ತೆರೆದಿತ್ತು, ವಾರವೇ ಹೋಗಿತ್ತು. ಶನಿವಾರ ಸಂಜೆ ಸೇರೋಣ ಅಂತ ಗೆಳೆಯನ ಸಭೆ ನಿರ್ಧಾರ ಮಾಡಿತು. "ಏನೂ ಅನ್ನಿಸ್ಲಿಲ್ಲೇನು?" ಅಂತ ಕೇಳಿದೆ. "ಅನ್ನಿಸ್ತು. ನೀವು ಟಿವಿಯವ್ರು ಒಂದ್ಸಲರೆ ನಮ್ಮನ್ನ ಕೇಳ್ತೀರಿ ಅಂತ ಅನ್ನಿಸ್ತು" ಅಂದ.

ಆಗಸ್ಟ್‌ನಲ್ಲಿ ಅವನ ಅವ್ವ ಹೋದರು. ಕೊರೊನಾ. ಆಸ್ಪತ್ರೆಗೆ ಸೇರಿದ ಆರನೇ ದಿನ.

ನಿಯಮದ ಪ್ರಕಾರ ಮಣ್ಣಿಗೆ 20 ಜನ. ದೇಹ ಮುಟ್ಟೋ ಹಾಗಿಲ್ಲ, ಮುಟ್ಟದೆ ವಾಕ್ಯ ಓದಬಹುದು. ಗೆಳೆಯ, ಅವನ ತಮ್ಮ, ಸಭಾಪಾಲಕರು, ಪಿಪಿಇ ಹಾಕಿದ ನಾಲ್ಕು ಹುಡುಗರು, ಅಷ್ಟೇ ಹೋಗಿದ್ದು. ಇಪ್ಪತ್ತೂ ಆಗಲಿಲ್ಲ. ಆದರೆ ಮತ್ತೆ ಆ ರಿಜಿಸ್ಟರ್ ತೆಗೆದರು. ಎಲ್ಲಾ ಮನೆಗೂ ಫೋನ್ ಹೋಯ್ತು, ಸಂಜೆ ನಾಲ್ಕಕ್ಕೆ ಅಂತ. ಸರಿಯಾಗಿ ನಾಲ್ಕಕ್ಕೆ ಅವರ ಓಣಿಯ ಜನ ಬಾಗಿಲಿಗೆ ಬಂದು, ಮಾಳಿಗೆ ಹತ್ತಿ ನಿಂತರು. ಎಲ್ಲರ ಕೈಯಲ್ಲೂ ಪುಸ್ತಕ. ಹಾಡಿದರು. ಹೊರಗೆ, ಗಾಳಿಯಲ್ಲಿ, ದೂರದೂರ ನಿಂತು. ಅಲ್ಲಿ ಇಂಟರ್ನೆಟ್ ತಡ ಇರಲಿಲ್ಲ ನೋಡಿ. ಐದು ತಿಂಗಳಲ್ಲಿ ಮೊದಲ ಸಲ ಒಂದೇ ತಾಳದಲ್ಲಿ ಹಾಡಿದೆವು ಅಂತ ಆ ಓಣಿಯವರೊಬ್ಬರು ಆಮೇಲೆ ನನಗೆ ಹೇಳಿದರು. ಎದುರು ಮನೆಯ ಮುಸ್ಲಿಂ ಅಜ್ಜ, ಪಕ್ಕದ ಲಿಂಗಾಯತರ ಮನೆಯವರು ಎಲ್ಲ ಹೊರಗೆ ಬಂದು ನಿಂತಿದ್ದರಂತೆ.

ಆ ಹೊತ್ತಿಗೆ ನಾನೆಲ್ಲಿದ್ದೆ? ಇಲ್ಲೇ, ಈ ಕುರ್ಚಿಯಲ್ಲಿ. ಆ ಸಂಜೆಯ ಆರೋಗ್ಯ ಇಲಾಖೆ ಬುಲೆಟಿನ್ ಓದಿದೆ. ಜಿಲ್ಲಾವಾರು ಸಾವು. ಬೆಂಗಳೂರು ಇಷ್ಟು, ಮೈಸೂರು ಇಷ್ಟು, ಬಳ್ಳಾರಿ ಇಷ್ಟು, ಧಾರವಾಡ ಇಷ್ಟು. ಧಾರವಾಡದ ಆ ಅಂಕಿಯಲ್ಲಿ ಒಂದು ಅವರು. ಪಟ್ಟಿಯಲ್ಲಿ ಹೆಸರು ಇರೋದಿಲ್ಲ. ಪೇಷಂಟ್ ನಂಬರ್, ವಯಸ್ಸು, ಹೆಣ್ಣು, ಉಸಿರಾಟದ ತೊಂದರೆ. ಗೊತ್ತಿದ್ದೂ ಓದಿದೆ. ದನಿ ನಡುಗಲಿಲ್ಲ, ಅದು ನಮ್ಮ ತರಬೇತಿ. ಮುಂದಿನ ಸುದ್ದಿ ಮಳೆಯದು ಅಂತ ನೆನಪು.

ಈಗ ಅವರ ಸಭೆಯಲ್ಲಿ ಪ್ರಭು ಭೋಜನ ಮತ್ತೆ ಶುರುವಾಗಿದೆ. ಒಂದೇ ಬಟ್ಟಲಿನ ಬದಲು ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಲೋಟ, ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳದಷ್ಟು. ಸುಗ್ಗಿ ಹಬ್ಬದ ಹರಾಜನ್ನ ವಾಟ್ಸಾಪ್‌ನಲ್ಲಿ ಮಾಡಿದರಂತೆ. ಒಂದು ಕುಂಬಳಕಾಯಿಗೆ ದುಬೈನಿಂದ ಯಾರೋ ಕೂಗಿ ಕೊಂಡು, ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ ಅಂದರಂತೆ. ನಿನ್ನೆ ಸಂಜೆ ಎರಡು ಪಾಳಿಯಲ್ಲಿ ಕ್ರಿಸ್‌ಮಸ್ ಆರಾಧನೆ ಆಯ್ತು. ಗೆಳೆಯ ಫೋಟೋ ಕಳಿಸಿದ. ಬೆಂಚುಗಳ ಮೇಲೆ ಒಂದು ಬಿಟ್ಟು ಒಂದು ಜಾಗಕ್ಕೆ 'ಇಲ್ಲಿ ಕೂರಬೇಡಿ' ಅಂತ ಚೀಟಿ. ಕೊನೆಯ ಬೆಂಚಿನ ಗೋಡೆ ಪಕ್ಕದ ಜಾಗಕ್ಕೂ ಒಂದು ಚೀಟಿ ಇತ್ತು. ನನ್ನ ಕೈ ಹಿಡಿದಿದ್ದ ದಿನ ಅವ್ವ ಕೂತಿದ್ದು ಅಲ್ಲೇ. ಸಾಲಿನ ಲೆಕ್ಕಕ್ಕೆ ಅಲ್ಲಿ ಬಂದಿದ್ದೋ, ಯಾರಾದರೂ ಬೇಕಂತ ಅಂಟಿಸಿದ್ದೋ, ನಾನು ಕೇಳಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದ. "ಕರ್ಜಿಕಾಯಿ ಈ ಸಲ ನನ್ನ ಹೇಣ್ತಿ ಮಾಡ್ಯಾಳ. ಅವ್ವನ ಕೈ ರುಚಿ ಬಂದಿಲ್ಲ, ಆದ್ರೂ ತಿನ್ನಬೇಕು. ಕೊರಿಯರ್ ಮಾಡ್ಲಿ ಏನು?"

ಬೇಡ, ನಾನೇ ಬರ್ತೀನಿ ಅಂದೆ. ನಾಳೆ ರಜೆ ಹಾಕಿದ್ದೀನಿ. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬಮ್ಮಿಗಟ್ಟಿಗೆ. ಭಾನುವಾರ ಅವರ ಚರ್ಚಲ್ಲಿರ್ತೀನಿ, ಮಂಗಳವಾರ ನಮ್ಮೂರಲ್ಲಿ. ಬುಧವಾರ ಮತ್ತೆ ಇದೇ ಹೊತ್ತಿಗೆ ಸಿಗ್ತೀನಿ.