ಗೋಡೆಯ ಮೇಲಿನ ಕೋವಿ



ನಮ್ಮ ಕಳಸ, ಕುದುರೆಮುಖದ ಕಡೆಯ ತೋಟದ ಮನೆಗಳಿಗೆ ಕೋವಿ ಹೊಸದಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದದ್ದು. ಮಳೆಗಾಲದಲ್ಲಿ ನಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಾಕಿ ಒರೆಸುವುದು, ಮರದ ಹಿಡಿಗೆ ಪಾಲಿಶ್ ಕೊಡುವುದು, ಇದನ್ನೆಲ್ಲ ಗಂಡಸರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. (ಅಡುಗೆಮನೆಯ ಸೋರುವ ಹೆಂಚಿನ ಮೇಲೆ ಆ ಶ್ರದ್ಧೆ ಕಾಣೆ.) ನನ್ನ ತವರಿನಲ್ಲಿ ಅಪ್ಪ ಕೋವಿಯನ್ನು ಖಾಲಿ ಮಾಡಿಯೇ ಒಳಗೆ ತರುತ್ತಿದ್ದರು. ಕೋವಿಗೊಂದು ಬೀಗ, ತೋಟೆಗೆ ಬೇರೆ ಬೀಗ.

ಎಲ್ಲ ಮನೆಗಳೂ ಹಾಗಿಲ್ಲ. ಹೊಡೆತದ ಬಾಸುಂಡೆಯನ್ನು ತೋರಿಸಬಹುದು. ತವರಿನಿಂದ ಹಣ ತರುವ ಮಾತು ಬಂದಾಗಲೇ ಅವನು ಗೋಡೆಯ ಕೋವಿ ಇಳಿಸಿ ಒರೆಸಲು ಕೂತರೆ, ಅದಕ್ಕೆ ಯಾವ ಗುರುತು ತೋರಿಸುತ್ತೀರಿ?

2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಬೆದರಿಕೆಯೂ ಹಿಂಸೆಯೇ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮಲ್ಲಿ ಸಂರಕ್ಷಣಾಧಿಕಾರಿಗಳು. ಅವರಲ್ಲಿ ದೂರು ಬರೆಸುವಾಗ ಮನೆಯಲ್ಲಿ ಕೋವಿ ಇದೆಯೆಂದು ಮೊದಲೇ ಹೇಳಿ. ಮ್ಯಾಜಿಸ್ಟ್ರೇಟರ ಆದೇಶವಿದ್ದರೆ ಪೊಲೀಸರ ನೆರವಿನಿಂದ ಹಿಂಸೆಗೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಲು 2006ರ ನಿಯಮಗಳಲ್ಲಿ ಅವಕಾಶವಿದೆ. ಲೈಸೆನ್ಸ್ ಕೊಡುವ ಜಿಲ್ಲಾಧಿಕಾರಿಗೂ ಅರ್ಜಿ ಹಾಕಿ. 1959ರ ಆಯುಧ ಕಾಯ್ದೆಯ 17ನೇ ಕಲಮಿನಲ್ಲಿ, ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆನಿಸಿದರೆ ಅದನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರವಿದೆ. ಒಬ್ಬಳೇ ಹೋಗಲು ಅಂಜಿಕೆಯಾದರೆ ಸಂಘದ ಇಬ್ಬರನ್ನು ಕರೆದುಕೊಂಡು ಹೋಗಿ. ಕೋವಿಯನ್ನು ಮಾತ್ರ ನೀವೇ ಮುಟ್ಟಲು, ಬಚ್ಚಿಡಲು ಹೋಗಬೇಡಿ.

ಕೋವಿ ಹೋದರೆ ಹಂದಿ ತೋಟ ಹಾಳುಗೆಡವುತ್ತದೆ ಎಂದು ಅತ್ತೆ ಹೇಳಿಯಾರು. ಚುನಾವಣೆ ಬಂದಾಗ ಇದೇ ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿ ತರುವುದಿಲ್ಲವೇ? ಆಗ ತೋಟ ಕಾಯುವವರು ಯಾರೆಂದು ಅವರನ್ನೇ ಕೇಳಿ.